ಐದು ಸೆಂಟಿನ ಸಲಹೆ

ನಿಂಬೆ ಪಾನಕದ ಗೂಡಂಗಡಿಯಂಥದೊಂದು ಅಂಗಡಿ. ಹಿಂದೆ ಲೂಸಿ ಎಂಬ ಪುಟ್ಟ ಹುಡುಗಿ. ಮನೋವೈದ್ಯಕೀಯ ನೆರವು, ಐದು ಸೆಂಟು ಎಂಬ ಬೋರ್ಡು. ಚಾರ್ಲಿ ಬ್ರೌನ್ ಬಂದು, ತನಗೆ ಬಹಳ ಖಿನ್ನತೆ, ಏನು ಮಾಡಲಿ ಎನ್ನುತ್ತಾನೆ. ಅದನ್ನೆಲ್ಲ ಕೊಡವಿಕೊಂಡು ಏಳು ಎಂದು ಹೇಳಿ ಲೂಸಿ ಐದು ಸೆಂಟು ಕೇಳುತ್ತಾಳೆ. ಅಮೆರಿಕದ ಚಾರ್ಲ್ಸ್ ಶುಲ್ಜ್ ತಮ್ಮ ‘ಪೀನಟ್ಸ್’ ಕಾಮಿಕ್ಸ್‌ನಲ್ಲಿ ಇದನ್ನು ಬರೆದದ್ದು 1959ರಲ್ಲಿ. ಓದಿದರೆ ನಗು ಬರುತ್ತದೆ. ಆದರೆ ಇದೇ ಸಲಹೆಯನ್ನು ನಾವು ಮನೆಯಲ್ಲಿ, ಶಾಲೆಯಲ್ಲಿ ಬಿಟ್ಟಿಯಾಗಿ ಹಂಚುತ್ತಿರುತ್ತೇವೆ: “ಊಟಕ್ಕೆ, ಬಟ್ಟೆಗೆ ಏನು ಕಡಿಮೆಯಾಗಿದೆ ನಿನಗೆ? ಎದ್ದು ಓದಿಕೋ.”

ಮೂಳೆ ಮುರಿದರೆ ಎಕ್ಸ್‌ರೇ ತೋರಿಸುತ್ತದೆ. ಖಿನ್ನತೆಗೆ ಅಂಥ ಚಿತ್ರವಿಲ್ಲ. ಥೈರಾಯ್ಡ್ ದೋಷದಂಥ ಬೇರೆ ಕಾರಣವಿದೆಯೇ ಎಂದು ನೋಡಲು ರಕ್ತಪರೀಕ್ಷೆ ಮಾಡಿಸಬಹುದು, ಅಷ್ಟೆ. ಉಳಿದದ್ದನ್ನು ವೈದ್ಯರು ರೋಗಿಯ ಮಾತಿನಿಂದ, ನಡವಳಿಕೆಯಿಂದ ತಿಳಿಯಬೇಕು. ಮಾತೇ ಹೊರಡದಿದ್ದರೆ? ಕಾಮಿಕ್ಸ್‌ಗೆ ಇಲ್ಲೊಂದು ಅನುಕೂಲವಿದೆ. ಒಂದೇ ಚೌಕದಲ್ಲಿ ನಗುವ ಮುಖವನ್ನೂ ಬರೆಯಬಹುದು, ತಲೆಯ ಮೇಲಿನ ಗುಳ್ಳೆಯಲ್ಲಿ ಮನಸ್ಸಿನ ಪಾಡನ್ನೂ ಬರೆಯಬಹುದು.

ಅಮೆರಿಕದ ಆಲಿ ಬ್ರಾಷ್ ತಮ್ಮದೇ ಖಿನ್ನತೆಯನ್ನು ‘ಹೈಪರ್‌ಬೋಲಿ ಅಂಡ್ ಎ ಹಾಫ್’ (2013) ಪುಸ್ತಕದಲ್ಲಿ ಚಿತ್ರಿಸಿದ್ದಾರೆ. ಚಿಕ್ಕ ಮಕ್ಕಳು ಗೀಚಿದಂಥ ಚಿತ್ರಗಳು. ದುಃಖ ಕೂಡ ಇಲ್ಲದೆ ಒಳಗೆಲ್ಲ ಮರಗಟ್ಟಿದ ಸ್ಥಿತಿ ಅವರದು. ಆದರೂ ಎದುರಿಗೆ ಯಾರಾದರೂ ಬಂದರೆ ಮುಖವನ್ನು ಬಲವಂತವಾಗಿ ನಗುವಿನ ಆಕಾರಕ್ಕೆ ತರಬೇಕು. ಚೆನ್ನಾಗಿದ್ದೇನೆಂದು ತೋರಿಸಿಕೊಳ್ಳುವುದೇ ಒಂದು ದುಡಿಮೆ. ಹಿತೈಷಿಗಳ ಸಲಹೆಗೆ ಅವರು ಕೊಡುವ ಹೋಲಿಕೆ ಸತ್ತ ಮೀನಿನದು. ನನ್ನ ಮೀನುಗಳು ಸತ್ತುಹೋಗಿವೆ ಎಂದರೆ, ಬಂದವರು ಎಲ್ಲಿ ಹೋದವೋ ಹುಡುಕೋಣ ಬಾ ಎನ್ನುತ್ತಾರೆ. ಸತ್ತಿವೆ ಎಂಬ ಮಾತನ್ನು ಮಾತ್ರ ಯಾರೂ ಒಪ್ಪುವುದಿಲ್ಲ. ಬಿ.ಎಡ್. ತರಗತಿಯ ಮನಶ್ಶಾಸ್ತ್ರಕ್ಕಿಂತ ಈ ಮೀನುಗಳು ನನಗೆ ಹೆಚ್ಚು ಹೇಳಿದವು!

ಬ್ರಿಟನ್ನಿನ ಡ್ಯಾರಿಲ್ ಕನಿಂಗ್‌ಹ್ಯಾಮ್ ಮನೋರೋಗಿಗಳ ವಾರ್ಡಿನಲ್ಲಿ ಸಹಾಯಕರಾಗಿದ್ದವರು. ಅಲ್ಲಿ ಕಂಡದ್ದನ್ನು ‘ಸೈಕಿಯಾಟ್ರಿಕ್ ಟೇಲ್ಸ್’ (2010) ಎಂಬ ಕಪ್ಪು-ಬಿಳುಪಿನ ಕಾಮಿಕ್ಸ್ ಮಾಡಿದರು. ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ತಮಗೂ ಖಿನ್ನತೆಯಿತ್ತೆಂದು ಅದರಲ್ಲೇ ಹೇಳಿಕೊಂಡಿದ್ದಾರೆ.

ನಮ್ಮ ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲೂ ಚಿತ್ರಗಳಿರುತ್ತವೆ. ಬಹುಪಾಲು ಬರೀ ಬೇಸರದ ಗೀಚು. ಎಲ್ಲದರಲ್ಲೂ ರೋಗ ಹುಡುಕಬೇಕಾಗಿಲ್ಲ. ಆದರೂ ಕಣ್ಣಿಗೆ ಬಿದ್ದಾಗ ಗದರುವ ಬದಲು, “ಇದು ಯಾರಪ್ಪಾ?” ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ. ಮಗುವಿನ ನಿದ್ದೆ, ಊಟ, ಆಟದ ಆಸಕ್ತಿ ಎರಡು ವಾರವಾದರೂ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ದುಡ್ಡಿಲ್ಲ.