ವರ್ಮಿಸೆಲ್ಲಿಯ ಪೂರ್ವಚರಿತ್ರೆ

ನಮ್ಮ ಅಂಗಡಿಗಳ ಶಾವಿಗೆ ಪೊಟ್ಟಣಗಳ ಮೇಲೆ ಅಚ್ಚಾಗಿರುವ ‘ವರ್ಮಿಸೆಲ್ಲಿ’ ಎಂಬ ಪದವು ಇಟಲಿ ದೇಶದ್ದು; ಹುಳುವೆಂಬ ಅರ್ಥದ ಲ್ಯಾಟಿನ್ ‘ವೆರ್ಮಿಸ್’ ಅದರ ಮೂಲ, ‘ಪುಟ್ಟ ಹುಳುಗಳು’ ಎಂಬುದು ಅದರ ವಾಚ್ಯಾರ್ಥ. ಉಣ್ಣುವ ಪದಾರ್ಥಕ್ಕೆ ಇಂಥ ಹೆಸರೇ ಎಂದು ಮನಸ್ಸು ಹಿಂಜರಿಯುವುದು ಸಹಜವೇ ಆದರೂ, ೧೫ನೆಯ ಶತಮಾನದಲ್ಲಿ ಮಾರ್ತಿನೋ ಎಂಬ ಇಟಲಿಯ ಪಾಕಪ್ರವೀಣನು ಬರೆದಿಟ್ಟ ವಿಧಾನವನ್ನು ನೋಡಿದವರಿಗೆ ಅದರ ಔಚಿತ್ಯವು ಮನದಟ್ಟಾಗದೆ ಇರದು. ನಾದಿದ ಹಿಟ್ಟನ್ನು ತೆಳ್ಳಗೆ ಹರಡಿ, ಬೆರಳುಗಳಿಂದಲೇ ಹುಳುಗಳಂತೆ ಚೂರುಚೂರಾಗಿ ಹರಿದು, ಬಿಸಿಲಿನಲ್ಲಿ ಒಣಗಿಸಿಟ್ಟರೆ ಅವು ಎರಡು ಮೂರು ವರುಷ ಬಾಳುವುವೆಂದು ಅವನು ಹೇಳಿದ್ದಾನೆ. ಆಗಿನ ಎಳೆಯು ಹೀಗೆ ಬೆರಳಿನ ಕೆಲಸವಾಗಿತ್ತು. ಹೆಸರಿಟ್ಟವರು ಕಣ್ಣಿಗೆ ಕಂಡುದನ್ನೇ ನುಡಿದರು.

ಆದರೆ ಆಕಾರವನ್ನು ನೋಡಿ ಇಟ್ಟ ಹೆಸರು ಪದಾರ್ಥದ ಚರಿತ್ರೆಯನ್ನು ಹೇಳಲಾರದು. ಆ ಚರಿತ್ರೆಯನ್ನು ಅರಸುವವರು ಅದಕ್ಕಿಂತ ಪ್ರಾಚೀನವಾದ ‘ಇತ್ರಿಯ್ಯ’ ಎಂಬ ಅರಬ್ಬಿ ಪದದ ಬೆನ್ನುಹತ್ತಬೇಕು. ಗ್ರೀಕರಲ್ಲಿ ‘ಇತ್ರಿಯೋನ್’ ಎಂದರೆ ಎಳ್ಳು ಜೇನು ಬೆರೆಸಿದ ತೆಳುವಾದ ಭಕ್ಷ್ಯ. ಪಶ್ಚಿಮ ಏಷ್ಯದ ಭಾಷೆಗಳನ್ನು ಹಾದು ಅರಬ್ಬಿಗೆ ಬರುವ ವೇಳೆಗೆ ಅದೇ ಪದವು ಒಣಗಿಸಿಟ್ಟು ಬೇಯಿಸುವ ರವೆಯ ಎಳೆಗಳಿಗೆ ಸಂದಿತು. ಸಿಸಿಲಿಯ ದೊರೆ ಎರಡನೆಯ ರೋಜರನ ಆಶ್ರಯದಲ್ಲಿದ್ದ ಭೂಗೋಳಜ್ಞ ಅಲ್ ಇದ್ರೀಸಿಯು ೧೧೫೪ರಲ್ಲಿ ಪೂರೈಸಿದ ಗ್ರಂಥದಲ್ಲಿ, ಪಲೆರ್ಮೊ ಪಟ್ಟಣಕ್ಕೆ ಅನತಿದೂರದ ತ್ರಾಬಿಯಾ ಎಂಬ ಊರಿನ ಹೊಳೆಗಳನ್ನೂ ಅವುಗಳ ನೀರಿನಿಂದ ತಿರುಗುವ ಗಿರಣಿಗಳನ್ನೂ ವರ್ಣಿಸಿ, ಅಲ್ಲಿ ಹೇರಳವಾಗಿ ತಯಾರಾಗುವ ಇತ್ರಿಯ್ಯವು ಕಲಾಬ್ರಿಯಕ್ಕೂ, ಮುಸಲ್ಮಾನರ ಮತ್ತು ಕ್ರೈಸ್ತರ ಅನ್ಯ ನಾಡುಗಳಿಗೂ ಹಡಗುಗಟ್ಟಲೆ ಹೋಗುತ್ತಿತ್ತೆಂದು ತಿಳಿಸಿದ್ದಾನೆ. ಗಟ್ಟಿ ಗೋಧಿಯ ರವೆಯಿಂದ ಮಾಡಿ ಚೆನ್ನಾಗಿ ಒಣಗಿಸಿದ ಎಳೆಯು ತಿಂಗಳುಗಟ್ಟಲೆ ಕೆಡದು, ಕುದಿನೀರಿನಲ್ಲಿಯೂ ಕರಗಿ ಮುದ್ದೆಯಾಗದು; ಕಡಲ ವ್ಯಾಪಾರಕ್ಕೆ ಇದಕ್ಕಿಂತ ತಕ್ಕ ಸರಕು ಯಾವುದಿದ್ದೀತು?

ಮಾರ್ಕೊ ಪೋಲೊ ಇದನ್ನು ಚೀನದಿಂದ ಇಟಲಿಗೆ ತಂದನೆಂಬ ಜನಜನಿತವಾದ ಕಥೆಯನ್ನು ಈ ಒಂದು ಸಾಕ್ಷ್ಯವೇ ಅಲ್ಲಗಳೆಯುತ್ತದೆ. ಇದ್ರೀಸಿಯ ಗ್ರಂಥವು ಮುಗಿದ ನೂರು ವರುಷಗಳ ಮೇಲೆ, ೧೨೫೪ರಲ್ಲಿ, ಆ ಯಾತ್ರಿಕನು ಹುಟ್ಟಿದುದು.

ಇಂಥ ಎಳೆಗಳಿಗೆ ಅರಬ್ಬಿಯಲ್ಲಿದ್ದ ಇನ್ನೊಂದು ಪದ ‘ಫಿದಾವುಶ್’ ಸ್ಪೇನಿನಲ್ಲಿ ‘ಫಿದೆಯೊಸ್’ ಎಂದು ಇಂದಿಗೂ ಬಳಕೆಯಲ್ಲಿದೆ. ಜಿನೋವದಲ್ಲಿ ಈ ಎಳೆಗಾರರ ಸಂಘವು ೧೫೭೪ರಲ್ಲಿ ನಿಬಂಧನೆಗಳನ್ನು ರಚಿಸಿಕೊಂಡಾಗ ಆ ಕಸಬಿನವರು ‘ಫಿದೆಲಾರಿ’ ಎನಿಸಿಕೊಂಡಿದ್ದರು. ಇತ್ರಿಯ್ಯವೂ ಅಳಿಯಲಿಲ್ಲ. ಇಟಲಿಯ ದಕ್ಷಿಣ ತುದಿಯ ಸಾಲೆಂಟೊ ಪ್ರಾಂತದಲ್ಲಿ ಹಿಟ್ಟಿನ ಪಟ್ಟಿಗಳಲ್ಲಿ ಕೆಲವನ್ನು ನೀರಿನಲ್ಲಿ ಬೇಯಿಸಿ, ಕೆಲವನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಬೆಂದ ಕಡಲೆಯೊಡನೆ ಕಲಸುವ ಅಡುಗೆಯೊಂದುಂಟು. ಮಾರ್ಚ್ ೧೯ರ ಸಂತ ಜೋಸೆಫರ ಹಬ್ಬದಂದು ವಿಶೇಷವಾಗಿ ಮಾಡುವ ಆ ಅಡುಗೆಯ ಪಟ್ಟಿಗಳನ್ನು ಅಲ್ಲಿನ ಜನರು ಈಗಲೂ ‘ತ್ರಿಯಾ’ ಎಂದೇ ಕರೆಯುತ್ತಾರೆ.