ಬಿಸಿಲಿನ ಕರೆಂಟಿಗೊಂದು ಕ್ಯಾಲೊರಿ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮೆಕ್ಕೆಜೋಳ, ಶೇಂಗಾ ಹೊಲಗಳ ನಡುವೆ ಈಗ ಸೋಲಾರ್ ಪ್ಲಾಂಟ್‌ಗಳೂ ಎದ್ದಿವೆ. ಪಂಪ್‌ಸೆಟ್ ಸ್ಟಾರ್ಟರ್, ಮನೆ ವೈರಿಂಗ್‌ನಲ್ಲಿ ಕೈ ಪಳಗಿದ ಐಟಿಐ ಹುಡುಗರಿಗೆ ಒಂದು ನಂಬಿಕೆ ಇರುತ್ತದೆ: ಶಾರ್ಟ್ ಆದರೆ ಫ್ಯೂಸ್ ಹೋಗುತ್ತದೆ. ಸೋಲಾರ್‌ನಲ್ಲಿ ಆ ನಂಬಿಕೆಯೇ ಕೈಕೊಡುತ್ತದೆ.

ಶಾರ್ಟ್ ಆದ ಪ್ಯಾನಲ್ ಕೊಡುವ ಕರೆಂಟು ಮಾಮೂಲಿಗಿಂತ ಶೇ 10ರ ಆಸುಪಾಸು ಹೆಚ್ಚು, ಅಷ್ಟೆ. ಬಹಳ ಸಲ ಫ್ಯೂಸ್‌ಗೆ ಅದು ತಿಳಿಯುವುದೇ ಇಲ್ಲ. ಮನೆಯ ಎ.ಸಿ. ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಕಿಡಿ ಆರಲು ಅವಕಾಶವಿದೆ. ಪ್ಯಾನಲ್ ಕೊಡುವ ಡಿ.ಸಿ.ಗೆ ಆ ಬಿಡುವಿಲ್ಲ. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಪ್ಯಾನಲ್ ತುದಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ.

ಶಾಕ್ ಹೊಡೆಯುವ ಭಯ ಹಳೆಯದು. ಆರದ ಕಿಡಿಯಿಂದ ಹೊಮ್ಮಿ ಮುಟ್ಟದೆಯೂ ಸುಡುವ ಬೆಂಕಿಯನ್ನು (ಆರ್ಕ್ ಫ್ಲ್ಯಾಶ್) ಲೆಕ್ಕಕ್ಕೆ ತಂದದ್ದು ತಡವಾಗಿ. 1982ರಲ್ಲಿ ಅಮೆರಿಕದ ಎಂಜಿನಿಯರ್ ರಾಲ್ಫ್ ಲೀ ಎಷ್ಟು ದೂರದಲ್ಲಿ ಚರ್ಮ ಎಷ್ಟು ಸುಡುತ್ತದೆ ಎಂದು ಸೂತ್ರ ಕಟ್ಟಿದರು. ಚದರ ಸೆಂಟಿಮೀಟರಿಗೆ 1.2 ಕ್ಯಾಲೊರಿ ಬಿದ್ದರೆ ಬೊಕ್ಕೆ ಏಳುತ್ತದೆ. ಇಂದಿಗೂ ಅದೇ ಗಡಿ. 2002ರಲ್ಲಿ ಈ ಲೆಕ್ಕಕ್ಕೆ ಐಇಇಇ 1584 ಎಂಬ ಮಾನದಂಡ ಬಂತು, 2018ರಲ್ಲಿ ಪರಿಷ್ಕಾರವಾಯಿತು. ಆದರೆ ಅದು ಎ.ಸಿ.ಗೆ, ಅದೂ 15 ಕಿಲೋವೋಲ್ಟ್‌ವರೆಗೆ. ನಮ್ಮ ಪ್ಲಾಂಟ್‌ಗಳ 33 ಕಿಲೋವೋಲ್ಟ್ ಲೈನಿಗೂ ಅದು ಸಾಲದು, ಪ್ಯಾನಲ್ ಕಡೆಯ 1,000-1,500 ವೋಲ್ಟ್ ಡಿ.ಸಿ.ಗೂ ಒದಗದು.

ಡಿ.ಸಿ.ಗೆ ಸರಳ ಸೂತ್ರ ಕೊಟ್ಟವರು ಡ್ಯಾನಿಯಲ್ ಡೋನ್, 2010ರಲ್ಲಿ. ಅರ್ಧ ವೋಲ್ಟೇಜು, ಶಾರ್ಟ್ ಆದಾಗಿನ ಕರೆಂಟಿನ ಅರ್ಧ ಕಿಡಿಗೆ ಹೋಗುತ್ತದೆಂದು ಅವರು ಹಿಡಿದರು. ಗುಣಿಸಿದರೆ ಕಾಲು ಪಾಲು. ಬ್ಯಾಟರಿಗೆ ಇದು ಹೊಂದುತ್ತದೆ. ಪ್ಯಾನಲ್ ಮಾತ್ರ ಅದೇ ಲೆಕ್ಕದಲ್ಲಿ ಮುಕ್ಕಾಲು ಪಾಲಿನಷ್ಟು ಶಕ್ತಿ ಕೊಡಬಲ್ಲದು. ಸೂತ್ರವನ್ನು ಕಣ್ಣು ಮುಚ್ಚಿ ಹಾಕಿದರೆ ಅಪಾಯ ಮೂರನೇ ಒಂದು ಪಾಲಾಗಿ ಕಾಣಬಹುದು.

ಈ ಲೆಕ್ಕಗಳು ರೂಪುಗೊಳ್ಳುತ್ತಿದ್ದ ಹೊತ್ತಿನಲ್ಲೇ ಕರ್ನಾಟಕದ ಪ್ಲಾಂಟ್‌ಗಳು ದೊಡ್ಡವಾದವು. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ (ಕೆಪಿಸಿ) ಹಾಕಿದ್ದು 3 ಮೆಗಾವಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪಾವಗಡದ ಶಕ್ತಿಸ್ಥಳ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ಗೆ ಬೆಳೆಯಿತು.

ಮೈ ಎಷ್ಟು ಹೊತ್ತು ಬೆಂಕಿಗೆ ಒಡ್ಡಿರುತ್ತದೆ ಎಂಬುದಕ್ಕೆ ಲೆಕ್ಕ ಹಾಕುವವರು ಸಾಮಾನ್ಯವಾಗಿ ಹಿಡಿಯುವ ಸಮಯ 2 ಸೆಕೆಂಡ್. ಅಷ್ಟರಲ್ಲಿ ಮನುಷ್ಯ ಹಿಂದೆ ಜಿಗಿಯುತ್ತಾನೆ ಎಂದು. ನನ್ನ ತಕರಾರು ಇಲ್ಲೇ. ಪ್ಯಾನಲ್ ಸರಣಿಗಳ (ಸ್ಟ್ರಿಂಗ್) ವೈರುಗಳನ್ನು ಒಟ್ಟುಗೂಡಿಸುವ ಕಂಬೈನರ್ ಬಾಕ್ಸ್ ಎಷ್ಟೋ ಕಡೆ ಪ್ಯಾನಲ್ ಸಾಲಿನ ಅಡಿಯಲ್ಲೇ ಇರುತ್ತದೆ. ಮಟಮಟ ಮಧ್ಯಾಹ್ನ ಹುಡುಗ ಮೊಣಕಾಲೂರಿ, ತಲೆ ಬಗ್ಗಿಸಿ, ಕ್ಲ್ಯಾಂಪ್ ಮೀಟರ್ ಹಿಡಿದು ಒಂದೊಂದೇ ಸ್ಟ್ರಿಂಗ್ ನೋಡುತ್ತಿರುತ್ತಾನೆ. ಹಿಂದೆ ಕಬ್ಬಿಣದ ಕಾಲು, ಮೇಲೆ ಗಾಜು. ಎಲ್ಲಿಗೆ ಜಿಗಿಯಬೇಕು? ಅಂಥ ಕಡೆ 2 ಸೆಕೆಂಡ್ ಬರೆಯುವುದು ತಪ್ಪು. ಜಾಗ ನೋಡಿಯೇ ಸಮಯ ಬರೆಯಬೇಕು.

ಬಾಕ್ಸಿನ ಮೇಲಿನ ಚೀಟಿ ಕನ್ನಡದಲ್ಲಿರಲಿ: ಎಷ್ಟು ಕ್ಯಾಲೊರಿ, ಎಷ್ಟು ದೂರ, ಯಾವ ಬಟ್ಟೆ, ಮೊದಲು ಯಾವ ಸ್ವಿಚ್, ಮತ್ತು ಲೋಡ್ ಇರುವಾಗ ಕನೆಕ್ಟರ್ ಕಳಚಬಾರದು ಎಂಬುದು.