ಜೋಡಿಗೆ ಯಾವ ಹಡಗು?

ಪ್ರಶ್ನೆ: ಗಂಡ-ಹೆಂಡತಿ ಇಬ್ಬರೇ ಮಯಾಮಿಯಿಂದ ಕೆರಿಬಿಯನ್ ವಿಹಾರಕ್ಕೆ ಹೊರಟರೆ ‘ಐಕಾನ್ ಆಫ್ ದಿ ಸೀಸ್’ ಒಳ್ಳೆಯದೋ, ‘ಸ್ಕಾರ್ಲೆಟ್ ಲೇಡಿ’ಯೋ?

ಉತ್ತರ: 2024ರ ಜನವರಿಯಲ್ಲಿ ಮೊದಲ ಯಾನ ಹೊರಟ ಐಕಾನ್ ತೇಲುವ ಪಟ್ಟಣವೇ ಸರಿ. 20 ಅಂತಸ್ತು, 7 ಈಜುಕೊಳ, 6 ನೀರಿನ ಜಾರುಬಂಡೆ; ತುಂಬಿದರೆ 7,600 ಪ್ರಯಾಣಿಕರು. ಶಾಲೆಗೆ ರಜೆ ಬಂತೆಂದರೆ ಮಕ್ಕಳ ಕೇಕೆ ಬೇರೆ.

ಸ್ಕಾರ್ಲೆಟ್ ಲೇಡಿಯಲ್ಲಿ 18 ತುಂಬದವರಿಗೆ ಪ್ರವೇಶವೇ ಇಲ್ಲ. ಪ್ರಯಾಣಿಕರು ಸುಮಾರು 2,700. ಬಫೆ ಸಾಲಿನ ನೂಕುನುಗ್ಗಲಿಲ್ಲ. ರೆಸ್ಟೋರೆಂಟುಗಳ ಊಟ ಟಿಕೆಟ್ಟಿನಲ್ಲೇ ಸೇರಿದೆ. ಐಕಾನ್‌ನ ವಿಶೇಷ ರೆಸ್ಟೋರೆಂಟುಗಳಿಗೆ ಬೇರೆ ದುಡ್ಡು ತೆರಬೇಕು. ಬಾಲ್ಕನಿಯ ಕೆಂಪು ಜೋಲಿಯಲ್ಲಿ ಮಲಗಿ ಕಡಲು ನೋಡುವ ಸುಖಕ್ಕೇ ಸ್ಕಾರ್ಲೆಟ್‌ಗೆ ಮತ ಹಾಕಬಹುದು. ಹಾಗೆಂದು ಅದೇನೂ ಆಶ್ರಮವಲ್ಲ, ರಾತ್ರಿ ಪಾರ್ಟಿ ಜೋರು!

ಜಾರುಬಂಡೆ ಕಂಡರೆ ಕಾಲು ನಿಲ್ಲದ ದಂಪತಿಗೆ ಐಕಾನೇ ಸರಿ.

ಭಾರತದ ಪಾಸ್‌ಪೋರ್ಟಿನವರ ಬಳಿ ಹಲವು ಬಾರಿ ಪ್ರವೇಶಿಸಬಹುದಾದ ಅಮೆರಿಕ ವೀಸಾ ಇದ್ದರೆ ಕ್ಷೇಮ: ಹಡಗು ಮಯಾಮಿಗೇ ಮರಳುತ್ತದೆ.